ಮನೆ ಮಾರುವ ಮುನ್ನ



ಒಂದು ಜೊತೆ ಎತ್ತು ಮಾರಬೇಕಾದರೆ ನಾವು ಎಷ್ಟು ಸಿದ್ಧತೆ ಮಾಡುತ್ತೇವೆ! ಜಾತ್ರೆಗೆ ಎರಡು ತಿಂಗಳು ಇರುವಾಗಲೇ ಹಿಂಡಿ, ಬೂಸ ಹೆಚ್ಚಿಸುತ್ತೇವೆ. ಮೈ ತೊಳೆದು, ಕೊಂಬು ಹೆರೆದು, ಹೊಸ ಹಗ್ಗ ಹಾಕಿ ನಿಲ್ಲಿಸುತ್ತೇವೆ. ಹಲ್ಲೆಷ್ಟು, ಸುಳಿ ಹೇಗಿದೆ, ಗಾಡಿಗೆ ಕಟ್ಟಿದ್ದೀರಾ ಎಂದು ಕೇಳಿದರೆ ಉತ್ತರ ನಾಲಗೆಯ ಮೇಲೆಯೇ ಇರುತ್ತದೆ. ಆದರೆ ಅದಕ್ಕಿಂತ ಎಷ್ಟೋ ಪಾಲು ಬೆಲೆಬಾಳುವ ಮನೆಯನ್ನು ಮಾರುವಾಗ ಈ ಎಚ್ಚರಿಕೆ ನಮ್ಮಲ್ಲಿ ಕಾಣುವುದಿಲ್ಲ. ಮದುವೆ ಗೊತ್ತಾಯಿತು, ಸಾಲಗಾರ ಬಾಗಿಲಿಗೆ ಬಂದ, ಮಗನಿಗೆ ಪಟ್ಟಣದಲ್ಲಿ ಕೆಲಸವಾಯಿತು ಎಂದೊಡನೆ ಸಿಕ್ಕಿದವರಿಗೆ, ಅವರು ಹೇಳಿದ ಬೆಲೆಗೆ ಮಾತು ಕೊಟ್ಟುಬಿಡುತ್ತೇವೆ.

ಮನೆ ಮಾರುವುದು ಸರಿಯೋ ತಪ್ಪೋ ಎಂದು ಹೇಳುವುದು ಈ ಪಾಠದ ಉದ್ದೇಶವಲ್ಲ. ಅದು ಆಯಾ ಕುಟುಂಬದ ವಿಚಾರ. ಆದರೆ ಮಾರಲೇಬೇಕೆಂದಾದರೆ, ಹಣದ ಜರೂರು ಬರುವುದಕ್ಕೆ ಆರು ತಿಂಗಳು ಮೊದಲೇ ಸಿದ್ಧತೆ ಪ್ರಾರಂಭಿಸಬೇಕು. ಕೊಳ್ಳುವವನು ಗೋಡೆಯನ್ನು ನೋಡುತ್ತಾನೆ ನಿಜ. ಆದರೆ ವ್ಯವಹಾರ ನಿಲ್ಲುವುದು ಗೋಡೆಯ ಬಿರುಕಿನಿಂದಲ್ಲ. ಸಹಿ ಹಾಕದ ಒಬ್ಬ ತಂಗಿಯಿಂದ, ತೀರಿಕೊಂಡ ಅಜ್ಜನ ಹೆಸರಿನಲ್ಲಿಯೇ ಉಳಿದ ಖಾತೆಯಿಂದ, ತೀರಿಸಿ ಮರೆತ ಹಳೆಯ ಸಾಲದ ಕಾಗದದಿಂದ. ಇವುಗಳನ್ನು ಒಂದೊಂದಾಗಿ ನೋಡೋಣ.

1. ಮನೆ ಯಾರದು?

ಇದೇನು ಪ್ರಶ್ನೆ, ನಾವು ವಾಸವಾಗಿರುವ ಮನೆ ನಮ್ಮದಲ್ಲದೆ ಮತ್ತಾರದು ಎನ್ನಬೇಡಿ. ವಾಸ ಬೇರೆ, ಹಕ್ಕು ಬೇರೆ. ಪಂಚಾಯಿತಿಯ ಖಾತೆಯಲ್ಲಿ ಹಿರಿಯಣ್ಣನ ಹೆಸರು ಇದ್ದ ಮಾತ್ರಕ್ಕೆ ಮನೆ ಅವನೊಬ್ಬನದೇ ಆಗುವುದಿಲ್ಲ. ಖಾತೆಯೆಂದರೆ ಕಂದಾಯ ಯಾರಿಂದ ವಸೂಲಾಗಬೇಕೆಂಬ ಲೆಕ್ಕ. ಹಕ್ಕು ಬರುವುದು ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಮರಣಶಾಸನ ಇಲ್ಲವೆ ವಾರಸುದಾರಿಕೆಯಿಂದ.

ಮನೆ ನೀವೇ ಸಂಪಾದಿಸಿ ಕಟ್ಟಿದ್ದಾದರೆ ಅದು ಸ್ವಯಾರ್ಜಿತ. ಅದನ್ನು ಮಾರುವ ಅಧಿಕಾರ ನಿಮ್ಮದೇ. ಆದರೂ ಹೆಂಡತಿ ಮಕ್ಕಳಿಗೆ ತಿಳಿಸಿ ಮಾರುವುದು ಲೇಸು. ತಂದೆಯ ಸ್ವಂತ ಸಂಪಾದನೆಯ ಮನೆಯಾಗಿದ್ದು, ಅವರು ಮರಣಶಾಸನ ಬರೆಯದೆ ತೀರಿಕೊಂಡಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾನೂನಿನಂತೆ ಅವರ ಹೆಂಡತಿ, ಅವರ ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಮದುವೆಯಾಗಿ ಹೋದ ಮಗಳಿಗೂ ಪಾಲು ಉಂಟು. ತಂದೆಗಿಂತ ಮೊದಲೇ ಮಗನೋ ಮಗಳೋ ತೀರಿಕೊಂಡಿದ್ದರೆ ಅವರ ಮಕ್ಕಳಿಗೂ ಹಕ್ಕು ಉಂಟೆಂಬುದನ್ನು ಮರೆಯಬಾರದು.

ಪಿತ್ರಾರ್ಜಿತ ಮನೆಯ ವಿಷಯದಲ್ಲಿ 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಮಗಳು ಮಗನಂತೆಯೇ ಹುಟ್ಟಿನಿಂದ ಹಕ್ಕುಳ್ಳವಳು. ಆ ದಿನ ತಂದೆ ಜೀವಂತನಾಗಿರಬೇಕೆಂಬ ನಿಯಮವಿಲ್ಲವೆಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ವಿಭಾಗಪತ್ರದಿಂದಾಗಲಿ ಕೋರ್ಟಿನ ಡಿಕ್ರಿಯಿಂದಾಗಲಿ ಪಾಲಾಗಿದ್ದರೆ ಅದು ಅಲುಗುವುದಿಲ್ಲ. ಹಿಂದೆ, ಗಂಡುಮಕ್ಕಳು ಪಾಲಾಗುವ ತನಕ ವಾಸದ ಮನೆಯಲ್ಲಿ ಹೆಣ್ಣುಮಕ್ಕಳು ಪಾಲು ಕೇಳುವಂತಿರಲಿಲ್ಲ. ಆ ಕಲಮನ್ನೂ 2005ರಲ್ಲಿ ತೆಗೆದುಹಾಕಲಾಯಿತು. ಕುಟುಂಬದ ಯಜಮಾನನಿಗೆ ಕುಟುಂಬದ ಅಗತ್ಯಕ್ಕಾಗಿ ಮಾರುವ ಅಧಿಕಾರ ಉಂಟಾದರೂ, ಆ ಅಗತ್ಯ ನಿಜವಾಗಿ ಇತ್ತೇ ಎಂಬ ವಾದ ಮುಂದೆ ಕೋರ್ಟಿನ ಮೆಟ್ಟಿಲು ಹತ್ತುವುದುಂಟು. ಆದುದರಿಂದ ಎಲ್ಲರ ಸಹಿ ಪಡೆಯುವುದೇ ಕ್ಷೇಮ.

ಇಲ್ಲಿ ಹೇಳಿದ್ದು ಹಿಂದೂ ಕಾನೂನು. ಮುಸಲ್ಮಾನ ಹಾಗೂ ಕ್ರೈಸ್ತ ಬಂಧುಗಳ ವಾರಸುದಾರಿಕೆಯ ನಿಯಮಗಳು ಬೇರೆ. ಅವರು ಅದನ್ನು ತಿಳಿದ ವಕೀಲರನ್ನು ವಿಚಾರಿಸತಕ್ಕದ್ದು.

ಇನ್ನೊಂದು ಮಾತು. ಅಪ್ರಾಪ್ತ ವಯಸ್ಸಿನ ಮಗುವಿಗೆ ಸೇರಿದ ಸ್ವತ್ತನ್ನು ತಾಯಿಯಾಗಲಿ ತಂದೆಯಾಗಲಿ ಕೋರ್ಟಿನ ಅನುಮತಿಯಿಲ್ಲದೆ ಮಾರಿದರೆ, ಆ ಮಗುವಿಗೆ ಹದಿನೆಂಟು ತುಂಬಿದ ಮೇಲೆ ಮೂರು ವರ್ಷದೊಳಗೆ ಮಾರಾಟವನ್ನು ರದ್ದುಪಡಿಸಿಕೊಳ್ಳಲು ಅವಕಾಶವಿದೆ. ಇದನ್ನು ಬಲ್ಲ ಯಾವ ಕೊಳ್ಳುಗನೂ ಅಂಥ ಮನೆಗೆ ಪೂರಾ ಬೆಲೆ ಕೊಡನು.

2. ಅಕ್ಕತಂಗಿಯರನ್ನು ಮೊದಲು ಕೇಳಿ

ಮಾರುವ ಸುದ್ದಿಯನ್ನು ಅಕ್ಕತಂಗಿಯರು ಸಂತೆಯಲ್ಲಿ ಬೇರೆಯವರ ಬಾಯಿಂದ ಕೇಳುವಂತಾಗಬಾರದು. ಹುಟ್ಟಿದ ಮನೆಯೆಂದರೆ ಅವರಿಗೆ ಬರಿಯ ಕಲ್ಲುಮಣ್ಣಲ್ಲ. ಹಬ್ಬಕ್ಕೆ ಬರುವ, ಬಾಣಂತನಕ್ಕೆ ಬರುವ ತವರು ಅದು. ಮೊದಲೇ ಕರೆಸಿ, ಕೂರಿಸಿ, ಏತಕ್ಕಾಗಿ ಮಾರುತ್ತಿದ್ದೇವೆ, ಯಾರಿಗೆಷ್ಟು ಬರುತ್ತದೆ, ತಾಯಿ ಮುಂದೆ ಎಲ್ಲಿರುತ್ತಾಳೆ ಎಂಬುದನ್ನು ಬಿಚ್ಚಿ ಹೇಳಿದರೆ ಮುನಿಸಿಗೆ ಅವಕಾಶವಿಲ್ಲ. ಮುಚ್ಚಿಟ್ಟು, ಕೊನೆಯ ದಿನ "ಇಲ್ಲೊಂದು ಸಹಿ ಹಾಕಮ್ಮ" ಎಂದರೆ ಸಹಿಯೂ ಸಿಗದು, ಸಂಬಂಧವೂ ಉಳಿಯದು.

ಯಾರಾದರೂ ತಮ್ಮ ಪಾಲನ್ನು ಒಡಹುಟ್ಟಿದವರಿಗೆ ಬಿಟ್ಟುಕೊಡಲು ಒಪ್ಪಿದರೆ ಹಕ್ಕು ಬಿಡುಗಡೆ ಪತ್ರವನ್ನು ಬರೆಸಿ ನೋಂದಣಿ ಮಾಡಿಸಬೇಕು. ಬಾಯಿಮಾತಾಗಲಿ, ಬರಿಯ ಛಾಪಾ ಕಾಗದದ ಮೇಲಿನ ಬರಹವಾಗಲಿ ಸಾಲದು.

ವಾರಸುದಾರರಲ್ಲಿ ಒಬ್ಬನಿಗೆ ಮಾತ್ರ ತನ್ನ ಪಾಲು ಮಾರುವ ಇಚ್ಛೆಯಿದ್ದರೆ, ಅದನ್ನು ಕೊಳ್ಳುವ ಮೊದಲ ಹಕ್ಕನ್ನು ಹಿಂದೂ ಉತ್ತರಾಧಿಕಾರ ಕಾನೂನು ಉಳಿದ ವಾರಸುದಾರರಿಗೆ ಕೊಟ್ಟಿದೆ. ಹೊರಗಿನವರಿಗೆ ಮಾತು ಕೊಡುವ ಮುನ್ನ ಮನೆಯವರನ್ನು ಕೇಳುವುದು ನಮ್ಮ ಹಳ್ಳಿಯ ಮರ್ಯಾದೆಯೂ ಹೌದು, ಕಾನೂನೂ ಹೌದು. ಹೊರಗಿನವನು ವಾಸದ ಮನೆಯಲ್ಲಿ ಒಬ್ಬನ ಪಾಲನ್ನು ಕೊಂಡು ವಿಭಾಗಕ್ಕಾಗಿ ದಾವೆ ಹೂಡಿದರೆ, ಆ ಪಾಲನ್ನು ಕೋರ್ಟು ನಿಗದಿ ಮಾಡಿದ ಬೆಲೆಗೆ ಕುಟುಂಬದವರೇ ಕೊಂಡುಕೊಳ್ಳಲು 1893ರ ವಿಭಾಗ ಕಾನೂನಿನಲ್ಲಿ ಅವಕಾಶವಿದೆ.

3. ಕೈಗೆ ಬರುವುದೆಷ್ಟು? ಮೊದಲೇ ಎಣಿಸಿ

ಬೆಲೆ ಎಷ್ಟು ಬರುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ತನ್ನ ಕೈಗೆ ಎಷ್ಟು ಬರುತ್ತದೆ ಎಂದು ಕೇಳುವವರು ಕಡಿಮೆ. ಒಂದು ಲೆಕ್ಕ ಹಾಕೋಣ.

ತಂದೆ ತಾನೇ ಸಂಪಾದಿಸಿದ ಮನೆ. ತಂದೆಯೂ, ತಂದೆಯ ತಾಯಿಯೂ ತೀರಿಕೊಂಡಿದ್ದಾರೆ. ಈಗ ಇರುವವರು ತಾಯಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಮನೆಗೆ ಗೊತ್ತಾದ ಬೆಲೆ 9,00,000 ರೂಪಾಯಿ ಎನ್ನೋಣ. ತಂದೆಯೇ ಮನೆಯ ಆಧಾರದ ಮೇಲೆ ತೆಗೆದ ಸಾಲ ಬಡ್ಡಿ ಸೇರಿ 1,80,000. ಪಂಚಾಯಿತಿ ಕಂದಾಯ, ನೀರಿನ ಬಾಕಿ 6,000. ವಿದ್ಯುತ್ ಬಾಕಿ 2,400. ಕಾಗದಪತ್ರ, ಅಳತೆ, ವಕೀಲರ ಖರ್ಚು 11,600. ಒಟ್ಟು ಕಳೆಯಬೇಕಾದದ್ದು 2,00,000. ಉಳಿದದ್ದು 7,00,000. ಇದನ್ನು ಐದು ಪಾಲು ಮಾಡಿದರೆ ತಲೆಗೆ 1,40,000.

ಒಂಬತ್ತು ಲಕ್ಷ ಬರುತ್ತದೆಂದು ನಂಬಿ ಮಗಳ ಮದುವೆಗೆ ನಾಲ್ಕು ಲಕ್ಷದ ಮಾತು ಕೊಟ್ಟ ಅಣ್ಣನ ಗತಿಯೇನು? ಮನೆಯೂ ಹೋಯಿತು, ಸಾಲವೂ ಉಳಿಯಿತು. ಈ ಲೆಕ್ಕವನ್ನು ಮೊದಲೇ ಹಾಕಿದ್ದರೆ ಅವನು ಬೇರೆ ದಾರಿ ಹುಡುಕುತ್ತಿದ್ದನು. ಮನೆ ಉಳಿಸಿಕೊಂಡು ಖರ್ಚು ತಗ್ಗಿಸುವುದೋ, ಮನೆಯ ಒಂದು ಭಾಗವನ್ನು ಬಾಡಿಗೆಗೆ ಕೊಡುವುದೋ, ಎಲ್ಲರೂ ಸೇರಿ ಆಲೋಚಿಸಬಹುದಿತ್ತು. ಆದುದರಿಂದ ಈ ಎಣಿಕೆಯನ್ನು ಕಾಗದದ ಮೇಲೆ ಬರೆದು ನೋಡದೆ ಯಾರಿಗೂ ಮಾತು ಕೊಡಬೇಡಿ.

ಇದರೊಂದಿಗೆ ಆದಾಯ ತೆರಿಗೆಯನ್ನೂ ವಿಚಾರಿಸಿಕೊಳ್ಳಿ. ಹಳ್ಳಿಯ ಬೇಸಾಯದ ಜಮೀನು ಮಾರಿದ ಲಾಭಕ್ಕೆ ತೆರಿಗೆಯಿಲ್ಲ, ಹಾಗೆಯೇ ಮನೆಗೂ ಇಲ್ಲ ಎಂದು ಕೆಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಮನೆ ಮಾರಿದ ಲಾಭಕ್ಕೆ ತೆರಿಗೆ ಬರಬಹುದು. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇದ್ದ ಮನೆಯಾಗಿದ್ದರೆ, ಆ ಲಾಭದಿಂದ ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ ಇಲ್ಲವೆ ಮೂರು ವರ್ಷದೊಳಗೆ ಕಟ್ಟಿದರೆ ವಿನಾಯಿತಿ ಉಂಟು.

4. ಕಾಗದಪತ್ರಗಳ ಗಂಟು

ಒಂದು ಗಟ್ಟಿ ಚೀಲದಲ್ಲಿ ಈ ಕೆಳಗಿನವುಗಳನ್ನು ಕೂಡಿಸಿ:

(ಅ) ಮನೆ ನಿಮಗೆ ಬಂದ ಬಗೆಯನ್ನು ತೋರಿಸುವ ಮೂಲಪತ್ರ: ಕ್ರಯಪತ್ರ, ವಿಭಾಗಪತ್ರ, ಹಕ್ಕುಪತ್ರ ಇತ್ಯಾದಿ. ಕಳೆದಿದ್ದರೆ ಉಪನೋಂದಣಾಧಿಕಾರಿಯವರ ಕಚೇರಿಯಿಂದ ದೃಢೀಕೃತ ನಕಲು ಪಡೆಯಬಹುದು.

(ಆ) ಹಿರಿಯರು ತೀರಿಕೊಂಡಿದ್ದರೆ ಅವರ ಮರಣ ಪ್ರಮಾಣಪತ್ರ ಮತ್ತು ನಾಡಕಚೇರಿಯಿಂದ ವಂಶವೃಕ್ಷ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಡಬಾರದು. ಬಿಟ್ಟರೆ ಅದೇ ಮುಂದೆ ದಾವೆಗೆ ಬೀಜವಾಗುತ್ತದೆ.

(ಇ) ಗ್ರಾಮ ಪಂಚಾಯಿತಿಯಿಂದ ಇ-ಸ್ವತ್ತು ವ್ಯವಸ್ಥೆಯಲ್ಲಿ ಕೊಡುವ ನಮೂನೆ 9 ಮತ್ತು ನಮೂನೆ 11. ಇವು ಮೃತರ ಹೆಸರಿನಲ್ಲಿದ್ದರೆ ಮೊದಲು ವಾರಸುದಾರರ ಹೆಸರಿಗೆ ಬದಲಾಯಿಸಿಕೊಳ್ಳಬೇಕು. ಆರು ತಿಂಗಳು ಮೊದಲೇ ಸಿದ್ಧತೆ ಬೇಕೆಂದು ಹೇಳಿದ್ದು ಮುಖ್ಯವಾಗಿ ಇದಕ್ಕಾಗಿಯೇ.

(ಈ) ಋಣಭಾರ ಪ್ರಮಾಣಪತ್ರ. ಮನೆಯ ಮೇಲೆ ನೋಂದಣಿಯಾದ ಅಡಮಾನ, ಮಾರಾಟ ಇತ್ಯಾದಿ ಇವೆಯೇ ಎಂಬುದನ್ನು ಇದು ತೋರಿಸುತ್ತದೆ. ಕೊಳ್ಳುವವನು ಹೇಗೂ ತೆಗೆಸಿ ನೋಡುತ್ತಾನೆ. ಅವನಿಗಿಂತ ಮೊದಲು ನೀವು ನೋಡಿರಿ. ನೋಂದಣಿ ಇಲಾಖೆಯ ಕಾವೇರಿ ವ್ಯವಸ್ಥೆಯಲ್ಲಿ ಇದಕ್ಕೆ ಅರ್ಜಿ ಹಾಕಬಹುದು.

(ಉ) ಕಂದಾಯ ಕಟ್ಟಿದ ರಸೀತಿಗಳು ಮತ್ತು ವಿದ್ಯುತ್ ಬಿಲ್ಲು. ಬಿಲ್ಲಿನಲ್ಲಿರುವ ಆರ್.ಆರ್. ಸಂಖ್ಯೆ ಯಾರ ಹೆಸರಿನಲ್ಲಿದೆ ಎಂದು ನೋಡಿರಿ.

ಊರೊಳಗಿನ ಮನೆಗಳನ್ನು ಡ್ರೋನಿನಿಂದ ಅಳೆದು ಆಸ್ತಿ ಕಾರ್ಡು ಕೊಡುವ ಸ್ವಾಮಿತ್ವ ಯೋಜನೆ 2020ರ ಏಪ್ರಿಲ್ 24ರಂದು ಪ್ರಾರಂಭವಾಯಿತು. ಪ್ರಾರಂಭದಲ್ಲಿ ಆರಿಸಿಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ನಿಮ್ಮ ಊರಿಗೆ ಕಾರ್ಡು ಬಂದಿದ್ದರೆ ಅದನ್ನೂ ಗಂಟಿಗೆ ಸೇರಿಸಿ.

ಎಲ್ಲ ಕಾಗದಗಳಲ್ಲಿಯೂ ಹೆಸರು ಒಂದೇ ರೀತಿ ಇದೆಯೇ, ಅಳತೆ ಒಂದೇ ಇದೆಯೇ, ಚೆಕ್ಕುಬಂದಿ ಹೊಂದುತ್ತದೆಯೇ ಎಂದು ಕೂಡಿಸಿ ನೋಡಿರಿ. ಮೂವತ್ತು ವರ್ಷದ ಹಿಂದಿನ ಪತ್ರದಲ್ಲಿ "ಪೂರ್ವಕ್ಕೆ ಇಂಥವರ ಕೊಟ್ಟಿಗೆ" ಎಂದಿರುತ್ತದೆ. ಆ ಕೊಟ್ಟಿಗೆ ಈಗ ಬೇರೆಯವರ ಮನೆಯಾಗಿರುತ್ತದೆ. ಹಗ್ಗವೋ ಟೇಪೋ ಹಿಡಿದು ನೆರೆಯವರ ಎದುರಿಗೇ ಅಳೆಯಿರಿ. ಕೊಳ್ಳುಗ ಬಂದು ನಿಂತಾಗ ಅಳತೆ ತಕರಾರು ಎದ್ದರೆ ಬೆಲೆ ಇಳಿಯುವುದು ನಿಶ್ಚಯ.

5. ಸುಮ್ಮನೆ ಮಾರಲಾಗದ ಮನೆಗಳು

ಸರ್ಕಾರದ ವಸತಿ ಯೋಜನೆಯಲ್ಲಿ ಬಂದ ನಿವೇಶನ ಅಥವಾ ಮನೆಯಾದರೆ ಹಕ್ಕುಪತ್ರದ ಷರತ್ತುಗಳನ್ನು ಓದಿಸಿ ಕೇಳಿ. ಇಂತಿಷ್ಟು ವರ್ಷ ಪರಭಾರೆ ಮಾಡಕೂಡದೆಂದು ಬರೆದಿದ್ದರೆ ಆ ಅವಧಿ ಮುಗಿಯುವವರೆಗೆ ಮಾರಬಾರದು.

ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು, ಸರ್ಕಾರದ ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡುವುದನ್ನು 1978ರ ಕಾನೂನು ನಿಷೇಧಿಸಿದೆ. ಅಂಥ ಜಮೀನಿನಲ್ಲಿ ಕಟ್ಟಿದ ಮನೆಗೂ ಈ ಎಚ್ಚರಿಕೆ ಬೇಕು. ಜಮೀನನ್ನು ಹಿಂದಕ್ಕೆ ಪಡೆಯಲು ಅರ್ಜಿ ಹಾಕುವುದಕ್ಕೆ ಕಾಲಮಿತಿಯಿಲ್ಲವೆಂದು 2023ರಲ್ಲಿ ಆ ಕಾನೂನನ್ನು ತಿದ್ದಲಾಗಿದೆ.

ತೋಟದ ಮನೆಯ ವಿಷಯವೂ ಬೇರೆ. ಪಹಣಿಯಲ್ಲಿ ಬೇಸಾಯದ ಜಮೀನೆಂದೇ ಇರುವಾಗ, ಭೂ ಪರಿವರ್ತನೆಯಾಗದೆ ಮನೆಯ ಜಾಗವನ್ನು ಮಾತ್ರ ನಿವೇಶನದಂತೆ ಕತ್ತರಿಸಿ ಮಾರಲಾಗದು.

6. ಸಾಲ ಮತ್ತು ಬಾಕಿ

ಸಹಕಾರ ಸಂಘ, ಬ್ಯಾಂಕು, ಕೈಸಾಲ, ಭೋಗ್ಯ ಏನಿದ್ದರೂ ಪಟ್ಟಿ ಮಾಡಿ. ಸಾಲ ತೀರಿಸಿದ್ದರೆ ಅಷ್ಟಕ್ಕೇ ಸುಮ್ಮನಾಗಬೇಡಿ. ಬಾಕಿಯಿಲ್ಲವೆಂಬ ಪತ್ರವನ್ನು, ಒತ್ತೆಯಿಟ್ಟ ಮೂಲಪತ್ರಗಳನ್ನು ಹಿಂದಕ್ಕೆ ಪಡೆಯಿರಿ. ಅಡಮಾನ ನೋಂದಣಿಯಾಗಿದ್ದರೆ ಅದರ ಬಿಡುಗಡೆಯೂ ನೋಂದಣಿಯಾಗಬೇಕು. ಇಲ್ಲವಾದರೆ ಋಣಭಾರ ಪತ್ರದಲ್ಲಿ ಆ ಸಾಲ ಹಾಗೆಯೇ ಕುಳಿತಿರುತ್ತದೆ. ಮಾರಾಟದ ದಿನದವರೆಗಿನ ಕಂದಾಯ ಮತ್ತು ಸರ್ಕಾರಿ ಬಾಕಿ ಕಟ್ಟುವುದು, ಬೇರೆ ಕರಾರಿಲ್ಲದಿದ್ದರೆ, ಮಾರುವವನ ಹೊಣೆ. ಇದು 1882ರ ಸ್ವತ್ತು ವರ್ಗಾವಣೆ ಕಾನೂನಿನ ಮಾತು.

7. ಮನೆಯನ್ನು ಸಜ್ಜುಗೊಳಿಸುವುದು

ದೊಡ್ಡ ದುರಸ್ತಿಗೆ ಸಾಲ ಮಾಡಬೇಡಿ. ಆ ಹಣ ಬೆಲೆಯಲ್ಲಿ ಪೂರಾ ಹಿಂದಕ್ಕೆ ಬರುತ್ತದೆಂಬ ಭರವಸೆಯಿಲ್ಲ. ಕೈಕೆಲಸದಿಂದ ಆಗುವುದನ್ನು ಮಾಡಿರಿ. ಹೆಂಚಿನ ಮನೆಯಾದರೆ ಒಡೆದ ಹೆಂಚು ತೆಗೆದು ಹೊಸದು ಹೊದಿಸಿ. ಮಣ್ಣಿನ ಮಾಳಿಗೆಯಾದರೆ ಮಳೆಗೆ ಮೊದಲು ಕರಲು ಮಣ್ಣು ಹಾಕಿಸಿ, ನೀರು ಹೋಗುವ ದೋಣಿ ಬಿಡಿಸಿ. ತೊಲೆ, ಜಂತೆ, ಬಾಗಿಲುವಾಡದ ಬುಡವನ್ನು ತಟ್ಟಿ ನೋಡಿ ಗೆದ್ದಲಿನ ಮಣ್ಣು ಕೆರೆಯಿರಿ. ಗೋಡೆಗೆ ಸುಣ್ಣ ಬಳಿಯಿರಿ. ಕೊಟ್ಟಿಗೆಯ ಗಂಜಲದ ಕಾಲುವೆ ಶುಚಿ ಮಾಡಿ, ಬಾಗಿಲ ಮುಂದಿನ ತಿಪ್ಪೆಯನ್ನು ಹೊಲಕ್ಕೆ ಸಾಗಿಸಿ. ಮನೆಗೂ ಚೆಂದ, ಬೆಳೆಗೂ ಗೊಬ್ಬರ.

ಆದರೆ ಸುಣ್ಣ ಬಳಿಯುವುದು ಶುಚಿಗಾಗಿಯೇ ಹೊರತು ದೋಷ ಮುಚ್ಚುವುದಕ್ಕಲ್ಲ. ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕೊಳ್ಳುವವನಿಗೆ ಕಾಣದಂಥ ದೊಡ್ಡ ದೋಷವನ್ನು, ನಿಮಗೆ ಗೊತ್ತಿದ್ದರೆ, ಅವನಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಅದು ವಂಚನೆಯೆಂದು ಮೇಲೆ ಹೇಳಿದ ಕಾನೂನೇ ಎಣಿಸುತ್ತದೆ. ಬಯಲುಸೀಮೆಯ ಹಳೆಯ ಮನೆಗಳಲ್ಲಿ ಅಂಗಳದ ಕೆಳಗೆ ಹಗೇವು ಇರುವುದುಂಟು. ಕಾಳು ತುಂಬುವುದು ನಿಂತು, ಬಾಯಿಗೆ ಚಪ್ಪಡಿ ಎಳೆದು ಮೇಲೆ ಮಣ್ಣು ಹಾಕಿಬಿಟ್ಟಿರುತ್ತಾರೆ. ಹೊಸಬನು ಅದರ ಮೇಲೆ ಗೋಡೆ ಎಬ್ಬಿಸಿದರೆ, ಮಕ್ಕಳು ಆಡಿದರೆ ಏನಾದೀತು? ಜಾಗ ತೋರಿಸಿ, ಹೇಳಿ. ಆದರೆ ತುಂಬಿಸಿಯೇ ಕೊಡಿ.

ಮನೆಯೊಂದಿಗೆ ಏನೇನು ಹೋಗುತ್ತದೆ ಎಂಬುದನ್ನೂ ಮೊದಲೇ ಗೊತ್ತು ಮಾಡಿ. ಬೇರೆ ಕರಾರು ಇಲ್ಲದಿದ್ದರೆ ಬಾಗಿಲು, ಕಿಟಕಿ, ಬೀಗ, ಕೀಲಿಕೈ, ಅಗುಳಿ, ಮನೆಯ ಕಾಯಂ ಉಪಯೋಗಕ್ಕೆಂದು ಇರುವ ಎಲ್ಲವೂ ಮನೆಯೊಂದಿಗೇ ಹೋಗುತ್ತವೆ. ಅಜ್ಜನ ಕಾಲದ ತೂಗುಮಣೆ, ಕೆತ್ತನೆಯ ದೇವರಕೋಣೆ ಬಾಗಿಲು, ನೆಲಕ್ಕೆ ಹೂತ ಒರಳುಕಲ್ಲು ಬೇಕೆಂದಿದ್ದರೆ ಕರಾರಿನಲ್ಲಿ ಬರೆಸಿ. ಸಹಿಯಾದ ಮೇಲೆ ಕೇಳಿ ಪ್ರಯೋಜನವಿಲ್ಲ. ಹಾಗೆಯೇ ಹಿತ್ತಿಲ ದಾರಿ, ಬಾವಿಯ ನೀರು, ಸೂರಿನ ನೀರು ಬೀಳುವ ಜಾಗ, ಇವುಗಳ ಹಕ್ಕನ್ನೂ ಸ್ಪಷ್ಟವಾಗಿ ಬರೆಸತಕ್ಕದ್ದು.

8. ಬೆಲೆ ಗೊತ್ತು ಮಾಡುವುದು

ಮೂರು ಎಣಿಕೆ ಮಾಡಿ. ಒಂದು, ಸರ್ಕಾರ ನಿಮ್ಮ ಊರಿಗೆ ಗೊತ್ತುಪಡಿಸಿದ ಮಾರ್ಗಸೂಚಿ ದರ. ಎರಡು, ಹತ್ತಿರದಲ್ಲಿ ಇತ್ತೀಚೆಗೆ ಮಾರಾಟವಾದ ಮನೆಗಳ ನಿಜವಾದ ಬೆಲೆ. ಮೂರು, ಜಾಗದ ಬೆಲೆ ಬೇರೆ, ಮರಮುಟ್ಟು, ಕಲ್ಲು, ಹೆಂಚುಗಳ ಬೆಲೆ ಬೇರೆ ಮಾಡಿದ ಲೆಕ್ಕ. ಹಳೆಯ ಮನೆಯ ಸಾಗುವಾನಿ ಕಂಬ, ತೊಲೆಗಳಿಗೆ ಒಳ್ಳೆಯ ಬೆಲೆಯುಂಟು. ಅದನ್ನು ಬಲ್ಲ ಬಡಗಿಗೆ ತೋರಿಸಿ. ಮೂರೂ ನೋಡಿದ ಮೇಲೆ, ಇದಕ್ಕಿಂತ ಕಡಿಮೆಗೆ ಕೊಡುವುದಿಲ್ಲವೆಂಬ ಮೊಬಲಗನ್ನು ಮನೆಯವರೆಲ್ಲ ಸೇರಿ ನಿಶ್ಚಯಿಸಿ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಇಲ್ಲಿ ಸರಿಯಾಗಿ ಒಪ್ಪುತ್ತದೆ. ನಿಮ್ಮ ಜರೂರು ಎಷ್ಟೆಂಬುದು ದಲ್ಲಾಳಿಗೆ ತಿಳಿದ ದಿನವೇ ಬೆಲೆ ಬೀಳತೊಡಗುತ್ತದೆ.

9. ಮುಂಗಡ, ಕರಾರು, ನೋಂದಣಿ

ಕರಾರನ್ನು ಬರವಣಿಗೆಯಲ್ಲಿಯೇ ಮಾಡಿ. ಪೂರ್ಣ ಬೆಲೆ, ಮುಂಗಡ, ಬಾಕಿ ಹಣದ ಗಡುವು, ಮನೆ ಬಿಟ್ಟುಕೊಡುವ ದಿನ, ಮಾತು ತಪ್ಪಿದರೆ ಮುಂಗಡದ ಗತಿ, ಇಷ್ಟೂ ಅದರಲ್ಲಿ ಇರಬೇಕು. 2015ರ ಜೂನ್ 1ರಿಂದ ಮನೆ, ಜಮೀನು ಮಾರಾಟದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಹಣವನ್ನು ನಗದಾಗಿ ತೆಗೆದುಕೊಳ್ಳುವಂತಿಲ್ಲ. ತೆಗೆದುಕೊಂಡವನಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಬ್ಯಾಂಕಿನ ಮೂಲಕವೇ ಪಡೆಯಿರಿ. ಮುಂಗಡ ಪಡೆದ ಮೇಲೆ ಮನೆ ಬಿಟ್ಟುಕೊಡುವ ದಿನದವರೆಗೆ ಮನೆಯನ್ನೂ ಪತ್ರಗಳನ್ನೂ ಜೋಪಾನವಾಗಿಡುವುದು ನಿಮ್ಮ ಕರ್ತವ್ಯ.

ನೂರು ರೂಪಾಯಿಗೆ ಮೇಲ್ಪಟ್ಟ ಬೆಲೆಯ ಮನೆಯ ಮಾರಾಟ ನೋಂದಣಿಯಾದ ಕ್ರಯಪತ್ರದಿಂದಲೇ ಆಗಬೇಕು. "ಪವರ್ ಬರೆದುಕೊಡಿ, ಸಾಕು" ಎಂದು ಹೇಳುವವರಿದ್ದಾರೆ. ಅಧಿಕಾರ ಪತ್ರದಿಂದ ಒಡೆತನ ವರ್ಗಾವಣೆಯಾಗದೆಂದು ಸುಪ್ರೀಂ ಕೋರ್ಟು 2011ರಲ್ಲಿ ತೀರ್ಪಿತ್ತಿದೆ. ಅಧಿಕಾರ ಪತ್ರ ಕೊಟ್ಟ ಮೇಲೆ ಆ ಮನುಷ್ಯ ಅದನ್ನು ಯಾರಿಗೆ, ಎಷ್ಟಕ್ಕೆ ಕೊಟ್ಟನೆಂಬುದು ನಿಮ್ಮ ಹತೋಟಿಯಲ್ಲಿರುವುದಿಲ್ಲ.

ಛಾಪಾ ಶುಲ್ಕ, ನೋಂದಣಿ ಶುಲ್ಕಗಳನ್ನು ಸಾಮಾನ್ಯವಾಗಿ ಕೊಳ್ಳುವವನೇ ಕೊಡುತ್ತಾನೆ. ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ನೂರಕ್ಕೆ ಒಂದರಿಂದ ಎರಡಕ್ಕೆ ಏರಿತು. ಇದನ್ನು ಉಳಿಸಲೆಂದು ಪತ್ರದಲ್ಲಿ ಕಡಿಮೆ ಬೆಲೆ ಬರೆಸಲು ಒಪ್ಪಬೇಡಿ. ಬರೆದಷ್ಟು ಮಾತ್ರ ನಿಮಗೆ ಬರಬೇಕಾದ ಹಣವೆಂದು ಆಗ ವಾದ ಹುಟ್ಟುತ್ತದೆ. ಪೂರ್ತಿ ಹಣ ನಿಮ್ಮ ಲೆಕ್ಕಕ್ಕೆ ಜಮೆಯಾಗಿದೆಯೆಂದು ಬ್ಯಾಂಕಿನಲ್ಲಿ ಖಚಿತ ಮಾಡಿಕೊಂಡ ಮೇಲೆಯೇ ಸಹಿ ಮಾಡಿ. ಪತ್ರವನ್ನು ಪೂರಾ ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಬೇಡಿ.

ನೋಂದಣಿಯಾದ ಮೇಲೆ ವಿದ್ಯುತ್ ಮೀಟರು, ನೀರಿನ ನಲ್ಲಿ, ಖಾತೆ ಇವೆಲ್ಲ ಹೊಸಬರ ಹೆಸರಿಗೆ ಹೋದುವೇ ಎಂದು ವಿಚಾರಿಸಿ. ಇಲ್ಲವಾದರೆ ಅವರ ಬಾಕಿಗೆ ನಿಮ್ಮ ಹೆಸರಿಗೇ ನೋಟೀಸು ಬಂದೀತು.

ಕೊನೆಯದಾಗಿ, ಬಂದ ಹಣದಲ್ಲಿ ತಾಯಿಯ ಪಾಲನ್ನು ತಾಯಿಯ ಹೆಸರಿನ ಲೆಕ್ಕಕ್ಕೇ ಹಾಕಿರಿ. ಮನೆಯಿದ್ದಾಗ ಅವಳಿಗೊಂದು ಮೂಲೆಯಾದರೂ ಇತ್ತು. ಮಾರಿದ ಮೇಲೆ ಅವಳ ಕೈಯಲ್ಲಿ ಹಣವಾದರೂ ಇರಬೇಕು.

ಚಾವಡಿಯಲ್ಲಿ ಕುಳಿತು ಆಲೋಚಿಸಲು

1. ನಿಮ್ಮ ಮನೆಯ ಖಾತೆ ಈಗ ಯಾರ ಹೆಸರಿನಲ್ಲಿದೆ? ಅವರು ಬದುಕಿದ್ದಾರೆಯೇ?
2. ನಿಮ್ಮ ಮನೆಯಲ್ಲಿ ಹಕ್ಕುಳ್ಳವರು ಎಷ್ಟು ಮಂದಿ? ಅವರಲ್ಲಿ ಹೆಣ್ಣುಮಕ್ಕಳೆಷ್ಟು?
3. ತೀರಿಸಿದ ಸಾಲದ ಬಿಡುಗಡೆಯ ಪತ್ರ ನಿಮ್ಮಲ್ಲಿದೆಯೇ?
4. ನಮೂನೆ 9 ಮತ್ತು 11ರಲ್ಲಿರುವ ಅಳತೆ ನಿಮ್ಮ ಜಾಗದ ಅಳತೆಗೆ ಹೊಂದುತ್ತದೆಯೇ?

ಮನೆ ಮಾರುವ ಆಲೋಚನೆ ಇಲ್ಲದವರೂ ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹುಡುಕಿ ಇಟ್ಟುಕೊಳ್ಳುವುದೊಳಿತು. ನಾನು ನಿಮ್ಮ ಊರಿಗೆ ಬಂದಾಗ ಕಾಗದದ ಗಂಟು ತಂದರೆ ಕೂಡಿ ಕುಳಿತು ನೋಡೋಣ. ವಾದವಿರುವ ವಿಷಯಕ್ಕೆ ವಕೀಲರನ್ನು ಕಾಣಲೇಬೇಕು. ಬಡವರಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ಸಲಹೆ ದೊರೆಯುತ್ತದೆ. ಓದು ಬಲ್ಲವರು ಈ ಪಾಠವನ್ನು ಓದು ಬಾರದವರಿಗೆ ಓದಿ ಹೇಳಬೇಕೆಂದು ಕೋರುತ್ತೇನೆ.

— ನಿಮ್ಮ ಗ್ರಾಮಸೇವಕ